ಜೆಸಿಂತಾಗೆ ‘ಸ್ವಲ್ಪ’ ಇಟಾಲಿಯನ್

ಜೆಸಿಂತಾಳ ಇಟಾಲಿಯನ್ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಹನ್ನೊಂದು ಸಾಲುಗಳಿವೆ. ಎಲ್ಲವೂ ‘ಸೋ’ ಎಂದೇ ಶುರುವಾಗುತ್ತವೆ. ‘ಸೋ ಕುಚಿನಾರೆ’, ನನಗೆ ಅಡುಗೆ ಬರುತ್ತದೆ. ‘ಸೋ ನ್ವೊತಾರೆ’, ನನಗೆ ಈಜು ಬರುತ್ತದೆ. ನನ್ನ ಪುಟದಲ್ಲಿ ಇರುವುದು ಎರಡೇ ಸಾಲು.

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನಮ್ಮಿಬ್ಬರದೂ ಒಂದೇ ಫ್ಲ್ಯಾಟು, ಒಂದೇ ಹೋಟೆಲಿನಲ್ಲಿ ಕೆಲಸ. ನಾನು ರಿಸರ್ವೇಶನ್, ಮಂಗಳೂರಿನ ಜೆಸಿಂತಾ ಹೌಸ್‌ಕೀಪಿಂಗ್. ಶನಿವಾರ ಇಬ್ಬರೂ ಇಟಾಲಿಯನ್ ಕ್ಲಾಸಿಗೆ ಹೋಗುತ್ತೇವೆ. ನನಗದು ಹವ್ಯಾಸ. ಏಳು ವರ್ಷದಿಂದ ಬೆಡ್‌ಶೀಟು ಬದಲಿಸುತ್ತಿರುವ ಅವಳಿಗೆ, ರಿಸೆಪ್ಶನ್ನಿಗೆ ಇಳಿಯಲು ಇರುವ ಒಂದೇ ದಾರಿ. (ನಮ್ಮಲ್ಲಿಗೆ ಇಟಲಿಯವರು ಹೆಚ್ಚು ಬರುತ್ತಾರೆ.) ಪಾಠ ಇನ್ನೂ ಆರಂಭದ್ದೇ. ಜೆಸಿಂತಾ ಮಾತ್ರ ಕಾರಿಡಾರಿನಲ್ಲಿ ಸಿಕ್ಕ ಇಟಲಿಯ ಅಜ್ಜಿಯರನ್ನು ಆಗಲೇ ನಗಿಸುತ್ತಾಳೆ.

"ನಿಂಗೆ ಎರಡೇ ಬರುದಾ ಮಾರಾಯ್ತಿ? ಡಿಗ್ರಿ ಮಾಡಿದವಳು!" ಎಂದು ನನ್ನನ್ನೂ ಕಿಚಾಯಿಸಿದ್ದಳು.

ಏನು ಹೇಳಲಿ? ಮೈಸೂರಿನ ನಮ್ಮ ಮನೆಯಲ್ಲಿ ‘ಬರುತ್ತದೆ’ ಎನ್ನುವ ಅಭ್ಯಾಸವೇ ಇಲ್ಲ. ನಾನು ಸಂಗೀತದಲ್ಲಿ ಸೀನಿಯರ್ ಪಾಸಾದ ಮೇಲೂ ಅಮ್ಮ ನೆಂಟರ ಮುಂದೆ, "ಏನೋ, ಸ್ವಲ್ಪ ಹಾಡ್ತಾಳೆ" ಎನ್ನುತ್ತಿದ್ದರು. ನಮ್ಮವರನ್ನು ನಾವೇ ಹೊಗಳುವುದುಂಟೇ?

ಹೋದ ವಾರ ಫ್ರಂಟ್ ಆಫೀಸ್ ಮ್ಯಾನೇಜರ್ ಲಿಫ್ಟಿನಲ್ಲಿ ಸಿಕ್ಕರು. ಲೆಬನಾನಿನವರು, ಸದಾ ಅವಸರ. "ರಿಸೆಪ್ಶನ್ನಿಗೆ ಒಬ್ಬರು ಬೇಕು. ನಿನ್ನ ಫ್ರೆಂಡ್ ಜೆಸಿಂತಾಗೆ ಇಟಾಲಿಯನ್ ಬರುತ್ತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಎ ಲಿಟಲ್" ಎಂದೆ. ನಗುತ್ತಾ. ಜೆಸಿಂತಾ ನನ್ನವಳು ಎಂಬ ಸಲಿಗೆಯಿಂದ, ಥೇಟ್ ಅಮ್ಮನ ಹಾಗೆ.

ಮೈಸೂರಿನಲ್ಲಾಗಿದ್ದರೆ ಎದುರಿನವರು "ಸುಮ್ನಿರಿ, ಚೆನ್ನಾಗೇ ಬರುತ್ತೆ ಅಂತ ಗೊತ್ತು" ಎನ್ನುತ್ತಿದ್ದರು. ಇವರು "ಓಕೆ, ಖಲಾಸ್" ಎಂದು ನಾಲ್ಕನೇ ಮಹಡಿಯಲ್ಲಿ ಇಳಿದು ಹೋದರು. ಅವಳನ್ನು ಕರೆದು ಕೇಳಲೇ ಇಲ್ಲ.

ಈ ಬುಧವಾರ ಆ ಕೆಲಸ ಇನ್ನೊಬ್ಬಳಿಗೆ ಹೋಯಿತು. ನಮ್ಮದೇ ಕ್ಲಾಸಿನವಳು, ಮೂರನೇ ಪಾಠಕ್ಕೇ ಬಿಟ್ಟವಳು. ಕೇಳಿದಾಗ "ಬರುತ್ತೆ" ಎಂದಳಂತೆ. ಅಷ್ಟೇ.

ಸಂಜೆ ಅಡುಗೆಮನೆಯಲ್ಲಿ ಜೆಸಿಂತಾಗೆ ಎಲ್ಲ ಹೇಳಿದೆ. ಮೀನು ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು.

"ನಂಗೆ ಬರ್ತದೆ ಅಂತ ನಿಂಗೆ ಗೊತ್ತುಂಟಲ್ಲ?"

"ಗೊತ್ತಿತ್ತು."

"ಮತ್ತೆ?"

ಅವಳು ಮತ್ತೆ ನಲ್ಲಿ ತಿರುಗಿಸಿದಳು. ನನ್ನ ಬಗ್ಗೆ ನಾನು ಕಡಿಮೆ ಹೇಳಿಕೊಂಡರೆ ಅದು ವಿನಯ. ಅವಳ ಬಗ್ಗೆ ಕಡಿಮೆ ಹೇಳಲು ನಾನ್ಯಾರು?

ಮರುದಿನ ಬೆಳಿಗ್ಗೆ, ಜಾಗ ತುಂಬಿದೆ ಎಂದು ಗೊತ್ತಿದ್ದೂ, ಮ್ಯಾನೇಜರ್ ಬಾಗಿಲು ತಟ್ಟಿ "ಜೆಸಿಂತಾಗೆ ಇಟಾಲಿಯನ್ ಚೆನ್ನಾಗಿ ಬರುತ್ತದೆ ಸರ್" ಎಂದೆ, ಒಂದು ವಾರ ತಡವಾಗಿ.