ನಂಜುಂಡನ್ ಮುಚ್ಚಿದ ಕುಳಿ

ಕುರಿಚಿಯಲ್ಲಿ ಲೋಹದ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ನಂಜುಂಡನ್ನಿಗೆ ಇಪ್ಪತ್ತಾರು ವರ್ಷದಿಂದ ಒಂದೇ ಕೆಲಸ. ಎರಕದ ಮೈಮೇಲೆ ಬಿದ್ದ ತೂತು ಹುಡುಕುವುದು, ಪುಟ್ಟಿ ತುಂಬುವುದು, ಗ್ರೈಂಡರ್ ಹಿಡಿದು ನುಣ್ಣಗೆ ಉಜ್ಜುವುದು. ಮಗ್ಗ ಬಿಟ್ಟು ಬಂದ ಮನೆತನ, ಬುದ್ಧಿಯೆಲ್ಲ ಬೆರಳಲ್ಲೇ. ಆ ಬೆರಳಿನಿಂದಲೇ ಇನ್ನೂ ಅನ್ನ ದುಡಿಯುತ್ತಿದ್ದ, ಯಾಕಂದರೆ ಕಣ್ಣು ಮುಕ್ಕಾಲುಪಾಲು ಹೋಗಿ ಎರಡು ವರ್ಷವಾಗಿತ್ತು. ಸಕ್ಕರೆ ಕಾಯಿಲೆ ಕಣ್ಣನ್ನೇ ತಿಂದುಹಾಕಿದೆ, ಹೋದದ್ದು ಬರೋಲ್ಲ ಅಂತ ಡಾಕ್ಟರು ಹೇಳಿದ್ದು ಹೆಂಡತಿ ಶಿವಗಾಮಿಗೆ ಮಾತ್ರ ಗೊತ್ತು.

"ಫೌಂಡ್ರೀಲಿ ತಿಳಿದ್ರೆ ಅವತ್ತೇ ಗೇಟಿಂದಾಚೆ ಕಣೇ," ಅಂದಿದ್ದ. ಅವಳು ಬಾಯಿ ಬಿಡಲಿಲ್ಲ.

ಅಂಥವನ ಪಾಲಿಗೆ ಚಂದ್ರ ಬಂದು ಬಿದ್ದ ನೋಡಿ. ಧಾರಾಪುರಂ ಕಡೆಯ ಶಾಲೆಯೊಂದು, ಕಣ್ಣಿಲ್ಲದ ಮಕ್ಕಳು ತಡವಿ ತಿಳಿಯಲಿ ಅಂತ, ನಮಗೆಂದೂ ಕಾಣದ ಚಂದ್ರನ ಆಚೆ ಮಗ್ಗುಲನ್ನು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ಯಿಸಿತ್ತು. ಮೈತುಂಬ ಕುಳಿ. ಸೂಪರ್‌ವೈಸರ್ ದೀನದಯಾಳನ್ ಇವರದೇ ಜನ, ಮನೆಮಾತೂ ಅದೇ ಕನ್ನಡ.

"ಮಾಮಾ, ಕುಳಿ ಮುಟ್ಬೇಡಿ, ಅವು ಬೇಕು. ಎರಕದ ತೂತು ಮಾತ್ರ ಮುಚ್ಚಿ. ಈ ಫೋಟೋ ನೋಡ್ಕೊಂಡು ಮಾಡಿ," ಅಂತ ಗೋಡೆಗೆ ಅಂಟಿಸಿ ಹೋದ. ನಂಜುಂಡನ್ನಿಗೆ ಅದು ಬರೀ ಮಬ್ಬು.

ಅಂಚು ಚೂಪಾಗಿ ಕೈಗೆ ಸಿಕ್ಕ ಕುಳಿಗಳನ್ನೆಲ್ಲ ಬಿಟ್ಟ. ಒಂದು ಕಡೆ ಅಗಲವಾದ ತಗ್ಗು ಸಿಕ್ಕಿತು. ಅಂಚೇ ಇಲ್ಲ, ಸವೆದಿದೆ, ಮೇಲೆಲ್ಲ ಸಣ್ಣ ತೂತು. ಎರಕ ಕುಸಿದಿದೆ ಅಂದುಕೊಂಡು ಪುಟ್ಟಿ ತುಂಬಿ, ಉಜ್ಜಿ, ಕನ್ನಡಿ ಮಾಡಿಟ್ಟ. ಮನೆಗೆ ಹೋಗಿ ಶಿವಗಾಮಿಯ ಮುಂದೆ ಜಂಬವನ್ನೂ ಕೊಚ್ಚಿದ, ಪಾಪ.

ಮರುದಿನ ದೀನದಯಾಳನ್ ಬೈಯಲಿಲ್ಲ. ಅದಕ್ಕೇ ಇವನಿಗೆ ಭಯವಾಯಿತು.

"ಮಾಮಾ, ನೀವು ಮುಚ್ಚಿದ್ದು ಬಹಳ ಹಳೇ ಕುಳಿ. ಕೋಟಿ ಕೋಟಿ ವರ್ಷದ ಹಿಂದೆ ಕಲ್ಲು ಬಂದು ಬಡಿದು ಆಗಿದ್ದು. ಆಮೇಲೆ ಬಿದ್ದ ಕಲ್ಲುಗಳಿಂದ ಸವೆದಿದೆ, ಅಷ್ಟೇ. ಫೋಟೋದಲ್ಲಿ ಎದ್ದು ಕಾಣ್ತದಲ್ಲ?"

"ಸರಿಯಾಗಿ ನೋಡ್ಲಿಲ್ಲಪ್ಪ. ತಪ್ಪಾಯ್ತು."

ದೀನದಯಾಳನ್ ಫೋಟೋ ಕಿತ್ತು ತಂದು ಅವನ ಮುಂದೆ ಹಿಡಿದ. "ಎಲ್ಲಿದೆ, ತೋರಿಸಿ."

ಇದೊಂದು ದಾಟಿದರೆ ಕೆಲಸ ಉಳಿಯುತ್ತದೆ. ನಂಜುಂಡನ್ ಅಂದಾಜಿನ ಮೇಲೆ ಬೆರಳಿಟ್ಟ. "ಇದೇ ಅಲ್ವಾ? ಈಗ ಚೆನ್ನಾಗಿ ಕಾಣ್ತದೆ."

ಬೆರಳು ಚಂದ್ರನಿಂದಾಚೆ, ಕಾಗದದ ಖಾಲಿ ಅಂಚಿನಲ್ಲಿತ್ತು.

ದೀನದಯಾಳನ್ ಫೋಟೋವನ್ನು ಅವನ ಕೈಗೇ ಬಿಟ್ಟ. ಆಮೇಲೆ ಬಗ್ಗಿ ಗ್ರೈಂಡರಿನ ಪ್ಲಗ್ ಕಿತ್ತ.

"ಬನ್ನಿ ಮಾಮಾ," ಅಂದ, "ಮನೆಗೆ ಬಿಟ್ಟು ಬರ್ತೀನಿ."

"ಕಾಣ್ತದಪ್ಪ," ಅಂದ ನಂಜುಂಡನ್, ಬೆರಳು ತೆಗೆಯದೆ. "ದೇವರಾಣೆ ಕಾಣ್ತದೆ."