ಪೂಜೆಗೆ ಮುಂಚಿನ ಮಾತ್ರೆ

ಡಿಕಾಕ್ಷನ್ ಇಳಿಯುವ ಘಮ ಅಡುಗೆಮನೆ ತುಂಬಿದೆ. ನಾನು ಅದನ್ನು ಮೂಗಿನಲ್ಲೇ ಕುಡಿಯುತ್ತ ಕೂತಿದ್ದೇನೆ. ಥೈರಾಯ್ಡ್ ಮಾತ್ರೆ ನುಂಗಿಯಾಯಿತು, ಪೂಜೆಯೂ ಮುಗಿಯಿತು. ಆದರೆ ಮಾತ್ರೆಗೂ ಕಾಫಿಗೂ ನಡುವೆ ಒಂದು ಗಂಟೆ ಇರಬೇಕು. ಅಷ್ಟರಲ್ಲಿ ನಿಮಗೊಂದು ಸಂಗತಿ ಹೇಳಿಬಿಡುತ್ತೇನೆ. ಇವತ್ತು ಸುಮ್ಮನಿರುವುದು ನನ್ನ ಕೈಲಾಗದು.

ಹೋದ ವರ್ಷ ನನ್ನ ದನಿ ಹೋಯಿತು. ಮದುವೆಯಾಗಿ ಅರಸೀಕೆರೆಗೆ ಬಂದಾಗಿನಿಂದ ಬೆಳಗಿನ ಪೂಜೆಯಲ್ಲಿ ನಾನು ಹಾಡಬೇಕು, ಒಳಕೋಣೆಯ ಮಂಚದಿಂದ ಅತ್ತೆ ಕೇಳಬೇಕು. ಕಣ್ಣು ಮಂಜಾದ ಮೇಲೆ ಆ ಹಾಡೇ ಅವರಿಗೆ ದೇವರ ದರ್ಶನ. ಅಂಥದ್ದರಲ್ಲಿ ಗಂಟಲು ಗೊಗ್ಗರಾಯಿತು, ಕೈ ಊದಿ ಬಳೆ ಬಿಗಿಯಾಯಿತು, ಮಂಗಳಾರತಿ ಎತ್ತುವಷ್ಟರಲ್ಲಿ ಸುಸ್ತು.

"ನಿನ್ನ ಹಾಡಿಗೆ ದೇವರಿಗೂ ತೂಕಡಿಕೆ ಬತ್ತೈತೆ ಕಣೇ," ಎಂದರು ಅತ್ತೆ. ನಕ್ಕೆವು. ಆಮೇಲೆ ಇಬ್ಬರೂ ನಗಲಿಲ್ಲ.

ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಎಂಬ ಅಂಕಿ ಬಹಳ ಮೇಲಿತ್ತು. ಥೈರಾಯ್ಡ್ ಗ್ರಂಥಿ ಜೋರಾಗಿ ದುಡಿಯುತ್ತಿದೆ ಎಂದುಕೊಂಡು ನಾನು ಹಿಗ್ಗಿದ್ದೆ, ನೋಡಿ. ಡಾಕ್ಟರಮ್ಮ ತಿದ್ದಿದರು: "ತಲೆಯೊಳಗಿನ ಗ್ರಂಥಿ ಕುತ್ತಿಗೇದನ್ನ ಕೆಲಸಕ್ಕೆ ಕೂಗೋ ಕೂಗು ಅದು. ಇದು ಏಳದಿದ್ದಷ್ಟೂ ಕೂಗು ಜಾಸ್ತಿ." ಭಾನುವಾರ ಮಗಳನ್ನು ಎಬ್ಬಿಸುವ ನನಗೆ ಇದು ತಟ್ಟನೆ ತಿಳಿಯಿತು.

ಮಾತ್ರೆ ಶುರುವಾಯಿತು. ಒಂದೂವರೆ ತಿಂಗಳು ಬಿಟ್ಟು ನೋಡಿದರೆ ಅಂಕಿ ಇಳಿದಿರಲಿಲ್ಲ. ಡೋಸ್ ಏರಿಸಿದರು, ಆಗಲೂ ಇಲ್ಲ. ಮತ್ತೆ ಏರಿಸಲು ಪೆನ್ನು ಹಿಡಿದವರು ತಡೆದು ಕೇಳಿದರು, "ಖಾಲಿ ಹೊಟ್ಟೇಲಿ ತಗೋತೀರಿ ತಾನೇ?"

"ಖಾಲಿ ಹೊಟ್ಟೇಲೇ ಮೇಡಂ. ಪೂಜೆ ಮುಗಿಸಿ, ಪಂಚಾಮೃತ ತಗೊಂಡು, ಕಾಫಿ ಜೊತೆ ನುಂಗ್ತೀನಿ."

"ಹಾಲು, ಮೊಸರು, ಕಾಫಿ ಎಲ್ಲಾ ಹೋದ ಮೇಲೆ ಅದೆಂಥ ಖಾಲಿ ರೀ? ಮಾತ್ರೆ ಮೈಗೆ ಸರಿಯಾಗಿ ಹತ್ತೋದಿಲ್ಲ. ಡೋಸ್ ಇಷ್ಟೇ ಇರಲಿ. ಎದ್ದ ಕೂಡಲೇ ಬರೀ ನೀರಲ್ಲಿ ತಗೊಳ್ಳಿ."

ನಮ್ಮಲ್ಲಿ ಪ್ರಸಾದವನ್ನು ಯಾರೂ ತಿಂಡಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪೂಜೆಗೆ ಮುಂಚೆ ಮಾತ್ರ ಹನಿ ನೀರೂ ಇಲ್ಲ. ಅದು ಅತ್ತೆಯ ಕಟ್ಟಳೆ, ನನ್ನದೂ ಹೌದು. ಆದರೂ ಅವರ ಮುಂದೆ ನಿಂತು ಡಾಕ್ಟರಮ್ಮನ ಮಾತನ್ನು ಇದ್ದ ಹಾಗೇ ಹೇಳಿದೆ. ಅತ್ತೆ ಕೈಯ ಜಪಮಾಲೆಯನ್ನು ಪಕ್ಕಕ್ಕಿಟ್ಟರು.

"ಎಣ್ಣೆ ಹಾಕದೆ ದೀಪ ಹಚ್ತೀಯೇನೇ? ಮೊದಲು ನುಂಗು. ದೇವರು ಕೇಳಿದ್ರೆ, ಅತ್ತೆ ಹೇಳವ್ಳೆ ಅನ್ನು."

ಬದಲಾದದ್ದು ಮಾತ್ರೆ ನುಂಗುವ ಹೊತ್ತು ಒಂದೇ. ಬಳೆ ಸಡಿಲವಾಯಿತು, ಮೆಟ್ಟಿಲು ಹತ್ತುವಾಗಿನ ಏದುಸಿರು ನಿಂತಿತು. ಒಂದೊಂದಕ್ಕೂ ಮಾಲೇಕಲ್ಲು ಬೆಟ್ಟದ ವೆಂಕಟರಮಣನಿಗೆ ಇಲ್ಲಿಂದಲೇ ಕೈ ಮುಗಿದೆ. ನಿನ್ನೆ ಹೊಸ ರಿಪೋರ್ಟ್ ಬಂತು. ಅಂಕಿ ಇರಬೇಕಾದ ಮಿತಿಯೊಳಗೇ ಇದೆ. ಇದೇ ಡೋಸ್ ಮುಂದುವರಿಸಿ, ಕೆಲವು ತಿಂಗಳ ಮೇಲೆ ಮತ್ತೆ ನೋಡೋಣ ಎಂದಿದ್ದಾರೆ ಡಾಕ್ಟರಮ್ಮ.

ಇವತ್ತು ಹಾಡುವಾಗ ದನಿ ಮೇಲಿನ ಸ್ವರಕ್ಕೆ ತಾನಾಗಿ ಏರಿತು. ಅದರ ಸಂಭ್ರಮದಲ್ಲಿ ಏನು ಹಾಡಿದೆನೋ ನನಗೇ ಗೊತ್ತಿಲ್ಲ. ಅಗೋ, ಒಳಗಿಂದ ಅತ್ತೆ ಕರೆಯುತ್ತಿದ್ದಾರೆ.

"ಮೂರನೇ ನುಡಿ ಹಾರಿಸಿಬಿಟ್ಟೆ ಕಣೇ. ಇಷ್ಟು ದಿನ ಏನ್ ಬಿಟ್ಟೆಯೋ ಏನೋ, ಕೇಳಿಸ್ತಾನೇ ಇರಲಿಲ್ಲ. ಬಾ, ಮೊದಲಿಂದ ಹಾಡು."

ಹೊರಟೆ. ಎರಡು ಸಲ ಹಾಡುವಷ್ಟು ದನಿ ಇವತ್ತು ನನ್ನಲ್ಲಿದೆ.