ಹೊಸ್ತಿಲಿಗೆ ಅಡ್ಡ ಮಲಗುವ ಕಾಕಾ

ಮನೆತನದ ಮರ್ಯಾದೆ ಕಾಯುವ ಹಿರಿಯರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕರೋಶಿಯ ನಮ್ಮ ಮನೆಯಲ್ಲಿ ಅಂಥವನು ಮಾಳಸಿದ್ದ ಕಾಕಾ. ಹೊಟ್ಟೆಯ ಕ್ಯಾನ್ಸರಿನಿಂದ ಯಾರು ಸತ್ತರೂ, ಮಾತಾಡಿಸಲು ಬಂದವರಿಗೆ "ಪಿತ್ತ ಏರಿತ್ರಿ" ಎನ್ನುತ್ತಾನೆ. ನಮ್ಮಪ್ಪ ಸತ್ತಾಗಲೂ ಅದನ್ನೇ ಹೇಳಿದ. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಡುವ ಜೀನು ನಮ್ಮ ವಂಶದಲ್ಲಿ ಕೆಟ್ಟಿರಬಹುದು, ಅದರಿಂದಲೇ ಈ ಕ್ಯಾನ್ಸರು ಬರುತ್ತಿರಬಹುದು, ಎಲ್ಲರೂ ರಕ್ತಪರೀಕ್ಷೆ ಮಾಡಿಸಬೇಕು ಎಂದು ಡಾಕ್ಟರು ಹೇಳಿದ್ದನ್ನು ನಾನು ತಿಳಿಸಿದಾಗ, "ಹುಡುಗ್ಯಾರ ಲಗ್ನ ಮುರಿಯಾಕ ನಿಂತಿಯೇನ್ಲೇ, ಶಾಣ್ಯಾ?" ಎಂದು ಗದರಿದ. ತಂಗಿ ಉಜ್ವಲಾ ಪರೀಕ್ಷೆಗೆ ಹೊರಟ ದಿನ ಹೊಸ್ತಿಲಿಗೆ ಅಡ್ಡ ಮಲಗಿಬಿಟ್ಟ; ಮಲಗಿದ ಹಿರಿಯರನ್ನು ನಮ್ಮಲ್ಲಿ ಯಾರೂ ದಾಟುವುದಿಲ್ಲ. ಆಗ ಅಂಗಿ ಸರಿದು, ನೋವಿಗೆಂದು ಅವನು ಹೊಟ್ಟೆಗೆ ಬಿಗಿದಿದ್ದ ಟವೆಲ್ಲು ಕಂಡಿತು. "ನಿನಗೂ ಚಾಲೂ ಆಗೈತ್ಯಾ? ಏಳ ಕಾಕಾ, ನೀನೂ ನಡಿ!" ಎಂದು ಉಜ್ವಲಾ ಚೀರಿದಳು. ಅವನು ಹೆಗಲ ಮೇಲಿನ ಕಂಬಳಿಯನ್ನು ಹೊಟ್ಟೆಯ ಮೇಲೆ ಎಳೆದುಕೊಂಡನೇ ಹೊರತು ಏಳಲಿಲ್ಲ.